ಯಳಂದೂರಿನಲ್ಲಿ ಸತ್ತವನು ಹನೂರಿನಲ್ಲಿ ಬದುಕಿದ್ದು

ನನಗೆ ಸಂಶಯದ ಕಾಯಿಲೆ ಇದೆ. ಇದನ್ನು ಕಾಯಿಲೆ ಎಂದು ಕರೆಯಲು ಶುರುಮಾಡಿದ್ದು ಈಚೆಗೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಇದೇ ಗುಣವನ್ನು ವೈಚಾರಿಕತೆ ಎನ್ನುತ್ತಿದ್ದರು, ಅದಕ್ಕೆ ಅಂಕವನ್ನೂ ಕೊಡುತ್ತಿದ್ದರು. ಯಾರು ಏನು ಹೇಳಿದರೂ ಪುರಾವೆ ಎಲ್ಲಿ ಎಂದು ಕೇಳುವುದು, ಕೊಟ್ಟ ಪುರಾವೆಗೆ ಇನ್ನೊಂದು ಪುರಾವೆ ಕೇಳುವುದು, ಇಷ್ಟರಿಂದಲೇ ನಾನು ಹಾಸ್ಟೆಲಿನಲ್ಲಿ ದೊಡ್ಡ ಮನುಷ್ಯನಾಗಿದ್ದೆ. ಆದರೆ ಸಂಶಯಕ್ಕೆ ಹೊರಗಿನವರು ಮನೆಯವರು ಎಂಬ ಭೇದವಿಲ್ಲ. ಮೊದಮೊದಲು ದೇವರು, ಸರ್ಕಾರ, ಇತಿಹಾಸ ಇವುಗಳ ಮೇಲೆ ಹರಿಹಾಯುತ್ತಿದ್ದದ್ದು ವಯಸ್ಸಾಗುತ್ತ ಗ್ಯಾಸ್ ಒಲೆ, ನೀರಿನ ಮೋಟರು, ಬೀಗದ ಕೈ ಇವುಗಳ ಕಡೆಗೆ ತಿರುಗಿತು. ಈಗ ಕೊಳ್ಳೇಗಾಲದ ಕಾಲೇಜಿನಲ್ಲಿ ಹುಡುಗರಿಗೆ ಇತಿಹಾಸ ಪಾಠ ಹೇಳುತ್ತೇನೆ. ಮಹಾಯುದ್ಧದ ಕಾರಣಗಳನ್ನು ವಿವರಿಸುತ್ತಿರುವಾಗ ಮನೆಯ ಮೋಟರು ಆಫ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ ಬಂದರೆ ಆವತ್ತಿನ ಯುದ್ಧ ಅಲ್ಲಿಗೇ ನಿಂತುಹೋಗುತ್ತದೆ.

ಈಚೆಗೆ ಮಾದಪ್ಪನ ಬೆಟ್ಟಕ್ಕೆಂದು ನಾನೂ ನನ್ನ ಹೆಂಡತಿ ಮಂಗಳಾಳೂ ಬಸ್ಸು ಹತ್ತಿದ್ದೆವು. ಕಾಮಗೆರೆ ಹತ್ತಿರ ಬರುವಷ್ಟರಲ್ಲಿ ಮುಂಬಾಗಿಲಿಗೆ ಬೀಗ ಹಾಕಿದ ನೆನಪು ನನಗೆ ಬರಲೇ ಇಲ್ಲ. ಹಾಕಿದ್ದೀರಿ, ಎಳೆದೂ ನೋಡಿದ್ದೀರಿ ಎಂದಳು ಅವಳು. ಮಂಗಳಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳು ಹೇಳಿದ್ದನ್ನು ತಾಳೆ ನೋಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ನಾನು ಕಾಮಗೆರೆಯಲ್ಲಿ ಇಳಿದು, ಎದುರಿನ ಬಸ್ಸು ಹಿಡಿದು, ಕೊಳ್ಳೇಗಾಲಕ್ಕೆ ವಾಪಸು ಬಂದು ನೋಡಿದೆ. ಬೀಗ ಗಂಭೀರವಾಗಿ ನೇತಾಡುತ್ತಿತ್ತು. ಮತ್ತೆ ಬಸ್ಸು ಹತ್ತಿ ಹನೂರು ತಲುಪುವಷ್ಟರಲ್ಲಿ ಅವಳು ತವರಿನಲ್ಲಿ ಇಳಿದು, ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ನಮ್ಮತ್ತೆ ನನ್ನನ್ನು ನೋಡಿ, ಬೀಗ ಸೌಖ್ಯವಾಗಿದೆಯಾ ಎಂದು ಕೇಳಿದರು. ಆವತ್ತು ಬೆಟ್ಟಕ್ಕೆ ಹೋಗಲಾಗಲಿಲ್ಲ.

ಇಂಥ ನನಗೆ ಸಂಶಯವೇ ಇಲ್ಲದ ನೆನಪು ಒಂದೇ ಒಂದಿತ್ತು. ಅದು ಒಂದು ಸಿನಿಮಾದ ಕೊನೆ.

ವಿಡಿಯೋ ಕ್ಯಾಸೆಟ್ಟು ಹಾಕಿ ನೋಡುವ ವಿ.ಸಿ.ಪಿ.ಯನ್ನು ಬಾಡಿಗೆಗೆ ತರುತ್ತಿದ್ದ ಕಾಲ ಅದು. ಕಲರ್ ಟಿ.ವಿ.ಯನ್ನು ಕೂಸಿನ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತಂದು ಹಾಲಿನ ನಡುವೆ ಕೂರಿಸಿ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಹಗಲಲ್ಲೇ ಕತ್ತಲೆ ಮಾಡಿಕೊಂಡು ಬೀದಿಯವರೆಲ್ಲ ಕೂಡಿ ನೋಡುತ್ತಿದ್ದೆವು. ಯಳಂದೂರಿನ ನಮ್ಮ ಮನೆಯಲ್ಲಿ ಅಕ್ಕನ ಮೊದಲ ಮಗುವಿಗೆ ನಾಮಕರಣವಾದ ದಿನ ನೋಡಿದ ಹಿಂದಿ ಸಿನಿಮಾ ಅದು. ಯುದ್ಧವೂ ಇತ್ತು, ಪ್ರೇಮವೂ ಇತ್ತು, ಎರಡೂ ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಹುಡುಕಿ ನೋಡಿ ನನ್ನ ಮೇಲೆ ಇನ್ನಷ್ಟು ನಗುತ್ತೀರಿ. ನಾಯಕ ಸೈನ್ಯದಲ್ಲಿ ಸೇತುವೆ ಕಟ್ಟುವವನು. ನಾಯಕಿ ಬೆಟ್ಟದೂರಿನ ಶಾಲೆಯಲ್ಲಿ ಟೀಚರು. ಸಿನಿಮಾ ಉದ್ದಕ್ಕೂ ಒಂದು ಕೆಂಪು ಸ್ವೆಟರು ಹೆಣೆಯುತ್ತಾಳೆ. ಕೊನೆಯಲ್ಲಿ ಶತ್ರುಗಳನ್ನು ತಡೆಯಲು ನಾಯಕ ತಾನು ಕಟ್ಟಿದ ಸೇತುವೆಯನ್ನು ತಾನೇ ಸಿಡಿಸಿ ಹೊಳೆಗೆ ಬೀಳುತ್ತಾನೆ. ಟೆಲಿಗ್ರಾಂ ಬರುತ್ತದೆ. ಸ್ವೆಟರಿನ ನೂಲಿನ ಉಂಡೆ ಮೆಟ್ಟಿಲು ಮೆಟ್ಟಿಲಾಗಿ ಉರುಳಿಹೋಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಈ ಸಾವಲ್ಲ, ಅದನ್ನು ಹೇಳಿದ ರೀತಿ. ಸಿನಿಮಾ ಶುರುವಾಗುವುದು ಒಂದು ರೈಲು ನಿಲ್ದಾಣದಲ್ಲಿ. ಗಡ್ಡ ಬಿಟ್ಟುಕೊಂಡು ಊರುಗೋಲು ಹಿಡಿದ ನಾಯಕ ಇಳಿಯುತ್ತಾನೆ, ನಾಯಕಿಯನ್ನು ಹುಡುಕುತ್ತಾನೆ, ಸಿಗುತ್ತಾಳೆ, ಮದುವೆಯೂ ಆಗುತ್ತದೆ. ಅದೆಲ್ಲ ಆದ ಮೇಲೆ, ಅರ್ಧ ಸಿನಿಮಾ ಕಳೆದ ನಂತರ, ನಟನಟಿಯರ ಹೆಸರುಗಳು ಬರುತ್ತವೆ! ಆಮೇಲೆ ಅವರು ಮೊದಲ ಸಲ ಭೇಟಿಯಾಗಿದ್ದು, ಪ್ರೀತಿ, ಯುದ್ಧ, ಸೇತುವೆ, ಟೆಲಿಗ್ರಾಂ. ಅಂದರೆ ಮೊದಲರ್ಧದ ಮದುವೆ ನಾಯಕಿಯ ಕನಸು, ಎರಡನೇ ಅರ್ಧ ಕಟು ಸತ್ಯ. ಭಾರತದಲ್ಲಿ ಹೀಗೆ ಕಾಲವನ್ನು ಹಿಂದುಮುಂದಾಗಿ ನಡೆಸಿದ ನಿರ್ದೇಶಕ ಇನ್ನೊಬ್ಬನಿಲ್ಲ ಎಂದು ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳುತ್ತ ಬಂದಿದ್ದೇನೆ. ಇತಿಹಾಸದ ಪಾಠಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾವ ಹುಡುಗನೂ ಕೇಳಲಿಲ್ಲ. ಪಾಠಕ್ಕಿಂತ ಇದು ವಾಸಿ ಎಂದು ಅವರಿಗೆ ಅನ್ನಿಸಿರಬೇಕು.

ಮದುವೆಯಾದ ಹೊಸದರಲ್ಲಿ ಈ ಸಿನಿಮಾದ ಮಾತು ಬಂದಾಗ ಮಂಗಳಾ ಕೂಡ ಹಿಗ್ಗಿದಳು. ಅವಳೂ ಅದನ್ನು ನೋಡಿದ್ದಳು, ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ, ಹನೂರಿನ ತವರುಮನೆಯ ಗೃಹಪ್ರವೇಶದ ದಿನ. ಆದರೆ ಅವಳ ಸಿನಿಮಾದಲ್ಲಿ ನಾಯಕ ಸಾಯುವುದಿಲ್ಲ. ಸತ್ತನೆಂದು ಸುದ್ದಿ ಬಂದರೂ ಕೊನೆಗೆ ಬದುಕಿ ಬರುತ್ತಾನೆ, ಮದುವೆಯಾಗುತ್ತದೆ, ಎಲ್ಲರೂ ಒಬ್ಬಟ್ಟು ತಿನ್ನುತ್ತಾರೆ. ಒಬ್ಬಟ್ಟು ಸಿನಿಮಾದಲ್ಲೋ ಎಂದು ಕೇಳಿದೆ. ಅಲ್ಲ, ನಮ್ಮ ಮನೆಯಲ್ಲಿ ಎಂದಳು. ಅವನು ಬದುಕಿ ಬಂದ ಮೇಲೇ ನಮಗೆ ಒಬ್ಬಟ್ಟು ಸಿಕ್ಕಿದ್ದು ಎಂದಳು. ನಾನು ಮುಗುಳ್ನಕ್ಕು ಅವಳಿಗೆ ಮನಶ್ಶಾಸ್ತ್ರ ವಿವರಿಸಿದೆ. ಹೊಸ ಮನೆ, ಹೊಸ ಲಂಗ, ಒಬ್ಬಟ್ಟು, ಇಷ್ಟು ಸಿಹಿ ಕೂಡಿದ ದಿನಕ್ಕೆ ಮನಸ್ಸು ತಾನೇ ಒಂದು ಸಿಹಿ ಕೊನೆಯನ್ನು ಅಂಟಿಸಿಕೊಳ್ಳುತ್ತದೆ, ನೆನಪು ಎನ್ನುವುದು ಹಾಗೆಯೇ ಎಂದೆ. ಅವಳು ಆವತ್ತು ಒಪ್ಪಲಿಲ್ಲ. ಆದರೆ ಇಷ್ಟು ವರ್ಷ ಒಂದೇ ಮಾತನ್ನು ಎಂ.ಎ. ಓದಿದ ಗಂಡ ಹೇಳುತ್ತಿದ್ದರೆ ಗಣಿತವೂ ಅಲ್ಲಾಡುತ್ತದೆ. ಯಾರದೋ ಮದುವೆಮನೆಯಲ್ಲಿ ಗೆಳತಿಯೊಬ್ಬಳು ಈ ಸಿನಿಮಾದ ಮಾತೆತ್ತಿದಾಗ ಮಂಗಳಾ, ಇವರು ಅವನು ಸಾಯುತ್ತಾನೆ ಅಂತಾರೆ, ನನಗೇ ಸರಿಯಾಗಿ ನೆನಪಿಲ್ಲವೇನೋ ಎಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಸಂತೋಷವಾಗಬೇಕಿತ್ತು. ಯಾಕೋ ಅಷ್ಟಾಗಿ ಆಗಲಿಲ್ಲ.

ಕಾಮಗೆರೆಯ ಬೀಗದ ಪ್ರಕರಣದ ನಂತರ ಅವಳ ಗಣಿತ ಮತ್ತೆ ಎದ್ದು ಕೂತಿತು. ನಿಮ್ಮ ನೆನಪು ಬೀಗದ ವಿಷಯದಲ್ಲಿ ಇಷ್ಟು ಚೆಂದ ಇರುವಾಗ ಸಿನಿಮಾದ ವಿಷಯದಲ್ಲಿ ಮಾತ್ರ ನಾನೇಕೆ ನಂಬಬೇಕು ಎಂದು ಕೇಳಿದಳು. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆ ಸಿನಿಮಾ ಹೊಸದಾಗಿ ತಿಕ್ಕಿ ತೊಳೆದು ಡಿ.ವಿ.ಡಿ.ಯಾಗಿ ಬಂದಿದೆಯೆಂದು ಗೊತ್ತಾಗಿ ತರಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಪಂಥವೂ ಆಯಿತು. ಸೋತವರು ಇನ್ನು ಜೀವಮಾನದಲ್ಲಿ ಗೆದ್ದವರ ನೆನಪಿಗೆ ಎದುರಾಡುವಂತಿಲ್ಲ. ಬೀಗ, ಗ್ಯಾಸು, ಮೋಟರು, ಯಾರ ಮದುವೆಗೆ ಹೋಗಿದ್ದೆವು, ಯಾರು ಯಾರಿಗೆ ಏನು ಅಂದಿದ್ದರು, ಎಲ್ಲದರಲ್ಲೂ ಈ ಮನೆಯಲ್ಲಿ ಗೆದ್ದವರ ನೆನಪೇ ನೆನಪು. ಸಂಸಾರದಲ್ಲಿ ಇದಕ್ಕಿಂತ ದೊಡ್ಡ ರಾಜ್ಯ ಇನ್ನೊಂದಿಲ್ಲ. ನನಗೆ ಇನ್ನೊಂದು ಭಾರವೂ ಇತ್ತು. ಕೊಳ್ಳೇಗಾಲದ ನಮ್ಮ ಗೆಳೆಯರ ಬಳಗದಲ್ಲಿ ಮುಂದಿನ ಭಾನುವಾರ ನನ್ನ ಭಾಷಣವಿತ್ತು. ವಿಷಯ: ನೆನಪು ಎಂಬ ಮೋಸಗಾರ. ಉದಾಹರಣೆ: ಇದೇ ಸಿನಿಮಾ ಮತ್ತು ಅದರ ಸುಖಾಂತ್ಯವನ್ನು ಕಲ್ಪಿಸಿಕೊಂಡ ಒಬ್ಬ ಗೃಹಿಣಿ. ಹೆಸರು ಹೇಳುವ ಯೋಚನೆ ಇರಲಿಲ್ಲ.

ಡಿಸ್ಕು ಬಂತು. ಅಟ್ಟದ ಮೇಲಿಂದ ಡಿ.ವಿ.ಡಿ. ಪ್ಲೇಯರು ಇಳಿಸಿದರೆ ಅದರೊಳಗೆ ಹಲ್ಲಿ ಸಂಸಾರ ಹೂಡಿತ್ತು. ಅದಕ್ಕೆ ಬೇರೆ ವ್ಯವಸ್ಥೆ ಮಾಡಿದ್ದಾಯಿತು. ಮಂಗಳಾ ಸಾಕ್ಷಿಯಾಗಿ ತನ್ನ ತಾಯಿಯನ್ನು ಹನೂರಿನಿಂದ ಕರೆಸಿಕೊಂಡಳು. ಅತ್ತೆ ಬೆಳಗಿನ ಬಸ್ಸಿಗೇ ಬಂದು, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಕೋರ್ಟಿನಲ್ಲಿ ಕೂತ ಹಾಗೆ ಕುರ್ಚಿಯಲ್ಲಿ ಕೂತರು. ಅಡುಗೆಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಸಾಕ್ಷಿಗಳಿಗೆ ಮೊದಲೇ ಸಿಹಿ ಹಂಚುವುದು ಸರಿಯಲ್ಲ ಎಂದು ನಾನು ಆಕ್ಷೇಪಣೆ ಎತ್ತಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಡಬ್ಬದಲ್ಲಿ ಎರಡು ಡಿಸ್ಕುಗಳಿದ್ದವು. ಈಗ ಎಲ್ಲ ಸಿನಿಮಾಕ್ಕೂ ಸಂದರ್ಶನ, ತೆಗೆದ ಕಥೆ, ಅದು ಇದು ಎಂದು ಎರಡನೇ ಡಿಸ್ಕು ಸೇರಿಸುತ್ತಾರಲ್ಲ, ಹಾಗೇ ಇರಬೇಕೆಂದು ಮೊದಲನೆಯದನ್ನು ಹಾಕಿದೆ. ಪರದೆಯ ಮೇಲೆ ಹೆಸರುಗಳು ಬಂದವು. ರೈಲು ನಿಲ್ದಾಣ ಬರಲಿಲ್ಲ. ನೇರವಾಗಿ ಬೆಟ್ಟದೂರು, ಶಾಲೆ, ಸ್ವೆಟರು. ಡಬ್ಬ ತಿರುಗಿಸಿ ಹೆಸರು ಓದಿದೆ, ಸಿನಿಮಾ ಅದೇ. ತಕ್ಷಣ ಕಾರಣವೂ ಹೊಳೆಯಿತು. ಡಿಸ್ಕು ಹೊರತಂದವರು ಜನಕ್ಕೆ ಅರ್ಥವಾಗುವುದಿಲ್ಲವೆಂದು ಕನಸಿನ ಭಾಗವನ್ನೇ ಕತ್ತರಿಸಿ ಹಾಕಿದ್ದಾರೆ! ಈ ದೇಶದಲ್ಲಿ ಒಳ್ಳೆಯ ಕಲೆಗೆ ಆಗುವ ಗತಿಯೇ ಇಷ್ಟು ಎಂದು ಮರುಗುತ್ತ ನೋಡಿದೆ. ಪ್ರೀತಿಯಾಯಿತು, ಯುದ್ಧ ಬಂತು, ಸೇತುವೆ ಸಿಡಿಯಿತು, ನಾಯಕ ಹೊಳೆಗೆ ಬಿದ್ದ. ಟೆಲಿಗ್ರಾಂ ಬಂತು. ನೂಲಿನ ಉಂಡೆ ನಾನು ಹೇಳಿದ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಉರುಳಿತು. ಪರದೆ ಕಪ್ಪಾಯಿತು. ನಾನು ಎದ್ದು ನಿಂತು, ಪಂಚೆ ಕೊಡವಿಕೊಂಡು, ಹೆಂಡತಿಯ ಕಡೆ ತಿರುಗಿ, ಸೋತವರ ಮೇಲೆ ಇಡಬೇಕಾದ ಕರುಣೆಯನ್ನು ಮುಖಕ್ಕೆ ತಂದುಕೊಂಡೆ. ಅವನು ಸತ್ತಿದ್ದ. ನಾನು ಗೆದ್ದಿದ್ದೆ.

ಮಂಗಳಾ ತಾಯಿಯ ಕಡೆ ನೋಡುತ್ತಿದ್ದಳು. ಅತ್ತೆ ಮುಂದಿನ ಸ್ಟೂಲಿನ ಮೇಲಿದ್ದ ತಟ್ಟೆಯನ್ನು, ತುಪ್ಪ ಹಾಕಿದ ಬಿಸಿ ಒಬ್ಬಟ್ಟಿನ ತಟ್ಟೆಯನ್ನು, ಬೆರಳ ತುದಿಯಿಂದ ಆಚೆ ತಳ್ಳಿದರು.

"ಇದ ಆಕಡೀಕ್ ಮಡಗು ಮಂಗ್ಳಿ. ಅಂವ ಬರಗಂಟ ನಾ ಮುಟ್ಟಕಿಲ್ಲ."

"ಯಾರು ಬರೋಗಂಟ?" ಎಂದೆ ನಾನು.

"ಅವನೇಯ, ಹೊಳೆಗೆ ಬಿದ್ದೋನು. ಇನ್ನೊಂದು ತಟ್ಟೆ ಅದಲ್ಲ ಡಬ್ಬದಲ್ಲಿ, ಅದ ಹಾಕಿ ಅಳಿಮಯ್ಯ. ಅವತ್ತೂ ಇಂಗೇ ಆಯ್ತು."

ಅವತ್ತು ಆದದ್ದನ್ನು ಅತ್ತೆ, ನಾನು ಡಿಸ್ಕು ಬದಲಾಯಿಸುವ ತನಕ ಹೇಳಿದರು. ಮಂಗಳಾಗೂ ಅದರಲ್ಲಿ ಅರ್ಧ ಮಾತ್ರ ಗೊತ್ತಿತ್ತು. ಆಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಕ್ಯಾಸೆಟ್ ಅಂಗಡಿಯೇ ಸುತ್ತಲ ಊರುಗಳಿಗೆಲ್ಲ ದಿಕ್ಕು. ಉದ್ದದ ಸಿನಿಮಾ ಎರಡು ಕ್ಯಾಸೆಟ್ಟುಗಳಲ್ಲಿ ಬರುತ್ತಿತ್ತು. ಒಳ್ಳೆಯ ಮುಹೂರ್ತದ ದಿನ ಎರಡು ಮನೆಯವರು ಒಂದೇ ಸಿನಿಮಾ ಕೇಳಿದರೆ ಅಂಗಡಿಯವನು ಇಲ್ಲ ಎನ್ನುತ್ತಿರಲಿಲ್ಲ. ಒಂದನೇ ಕ್ಯಾಸೆಟ್ಟನ್ನು ಒಂದು ಮನೆಗೆ, ಎರಡನೆಯದನ್ನು ಇನ್ನೊಂದು ಮನೆಗೆ ಕೊಡುತ್ತಿದ್ದ. ಮೊದಲಿನವರು ನೋಡಿ ಮುಗಿಸಿ ಬಸ್ಸಿನಲ್ಲಿ ಕಳಿಸಬೇಕು. ಎರಡನೆಯವರು ಅದು ಬರುವ ತನಕ ಕಾಯಬೇಕು, ತಮ್ಮ ಹತ್ತಿರ ಇರುವುದನ್ನು ಬಸ್ಸಿನಲ್ಲಿ ಆ ಕಡೆಗೆ ಕಳಿಸಬೇಕು. ಎಲ್ಲರೂ ಹೀಗೇ ಮಾಡುತ್ತಿದ್ದರು, ಎಲ್ಲರೂ ಸರಿಯಾಗಿಯೇ ನೋಡುತ್ತಿದ್ದರು. ಆವತ್ತು ಒಂದನೆಯದು ಮೂಡಲಿಗೆ ಹನೂರಿಗೆ ಹೋಯಿತು. ಮನೆ ತುಂಬ ಜನ ಕೂತು ನೋಡಿದರು. ಸೇತುವೆ ಸಿಡಿಯಿತು, ಟೆಲಿಗ್ರಾಂ ಬಂತು, ಕ್ಯಾಸೆಟ್ಟು ಮುಗಿಯಿತು. ಎರಡನೆಯದು ಬಂದಿರಲಿಲ್ಲ.

ಒಳಗೆ ಒಬ್ಬಟ್ಟು ಬಡಿಸಲು ಶುರುವಾಗಿತ್ತಂತೆ. ಅತ್ತೆ ಎದ್ದು ತಡೆದರಂತೆ. ಹೊಸ ಮನೆಗೆ ಕಾಲಿಟ್ಟ ದಿನವೇ ಸಾವಿನ ಸುದ್ದಿ ಬಂದು ನಡುಮನೆಯಲ್ಲಿ ಕೂತಿದೆ, ಅದರ ಮುಂದೆ ಹೇಗೆ ಸಿಹಿ ತಿನ್ನುವುದು ಎಂದರಂತೆ. ನಮ್ಮ ಮಾವ, ಈಗ ಅವರಿಲ್ಲ, ಬಸವಣ್ಣನವರ ಕಾಲದಿಂದ ನಮಗೆ ಸೂತಕವಿಲ್ಲ, ಅದೂ ಟಿ.ವಿ. ಒಳಗೆ ಸತ್ತವನಿಗೆ ಎಂಥ ಸೂತಕ ಎಂದು ವಾದಿಸಿದರಂತೆ. ಸೂತಕ ಇಲ್ಲ, ನಿಜ, ಆದರೆ ಗಂಟಲಲ್ಲಿ ಇಳಿಯಬೇಕಲ್ಲ ಎಂದು ಅತ್ತೆ ಪಾತ್ರೆಗೆ ತಟ್ಟೆ ಮುಚ್ಚಿಬಿಟ್ಟರಂತೆ.

"ಮದ್ಯಾನ ಆಯ್ತು, ಬಸ್ಸು ಬಂತು, ಕ್ಯಾಸೆಟ್ಟು ಬರ್ನಿಲ್ಲ. ಯಳಂದೂರಲ್ಲಿ ಅದ್ಯಾವ್ದೋ ನಾಮಕರಣದ ಮನೆಯಂತೆ. ನಮ್ಮದು ಎತ್ತಾಕಂಡು ಕುಂತ್ಬುಟ್ಟವ್ರೆ ಮೂದೇವಿಗಳು. ಒಂದ್ಸಲ ಅಲ್ಲ, ಎರಡ್ಸಲ ನೋಡುದ್ರಂತೆ. ಇಲ್ಲಿ ನಮ್ಮ ಐಕ್ಳೆಲ್ಲ ಒಬ್ಬಟ್ಟಿನ ಪಾತ್ರೆ ಸುತ್ತ ಕುಂತವೆ, ಹೆಣ ಕಾಯ್ದಂಗೆ. ಈ ಮಂಗ್ಳಿ ಅತ್ತೂ ಅತ್ತೂ, ಅಂವ ಯಾವಾಗವ್ವ ಬತ್ತನೆ ಅಂತಾಳೆ."

ಡಿಸ್ಕು ಒಳಗೆ ಹೋಯಿತು. ಪರದೆಯ ಮೇಲೆ ರೈಲು ನಿಲ್ದಾಣ. ಹೊಗೆಯೊಳಗಿಂದ ಗಡ್ಡ ಬಿಟ್ಟುಕೊಂಡು, ಊರುಗೋಲು ಹಿಡಿದು, ನನ್ನ ಸಿನಿಮಾ ಇಳಿದು ಬಂತು.

ಯಳಂದೂರಿನ ನಾಮಕರಣದ ಮನೆ ಎಂಬ ಮಾತು ಕೇಳಿದಾಗಲೇ ನನಗೆ ವಿಷಯ ಅರ್ಥವಾಗಿತ್ತು. ಆದರೂ ಅಭ್ಯಾಸ ಬಿಡಲಿಲ್ಲ. ಯಳಂದೂರಿನಲ್ಲಿ ಆವತ್ತು ಇನ್ನೊಂದು ನಾಮಕರಣವೂ ಇದ್ದಿರಬಹುದಲ್ಲ? ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಆ ನಾಮಕರಣದ ಕೂಸಿಗೇ ಈಗ ಎರಡು ಮಕ್ಕಳು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ.

"ಊ ಕಣ್ಲಾ, ಹಿಂದ್ಲು ಕ್ಯಾಸೆಟ್ಟೇ ಮೊದ್ಲು ಬಂತು. ಅಪ್ಪ ಕಾಯನ ಅಂದ್ರು. ನೀನೇ ತಾನೆ, ಒಳ್ಳೆ ಕತೆಗೆ ಯಾವ ಬಾಗ್ಲಲ್ಲಿ ನುಗ್ಗುದ್ರೂ ಒಂದೇಯ ಅಂತ ಭಾಷಣ ಮಾಡಿ ಹಾಕ್ಸಿದ್ದು? ಹಿಂದಿ ಬತ್ತದೆ ಅಂತ ಮುಂದ್ಗಡೆ ಕುಂತ್ಕಂಡು ನಮಗೆಲ್ಲ ಅರ್ಥ ಬೇರೆ ಹೇಳ್ತಿದ್ದೆ."

"ಎರಡು ಸಲ ಹಾಕಿದ್ದು ಯಾರಕ್ಕ?"

"ಅದೂ ನೀನೇಯ. ನಮ್ಗೆ ಅರ್ಥ ಆಗ್ನಿಲ್ಲ ಅಂತ ಬೈದು ಇನ್ನೊಂದ್ಸಲ ಹಾಕ್ಸಿದೆ. ಆಗ್ಲೂ ಆಗ್ನಿಲ್ಲ ಬುಡು."

ನನಗೆ ಈ ಭಾಷಣದ ನೆನಪು ಒಂದಕ್ಷರವೂ ಇಲ್ಲ. ಅಕ್ಕನ ನೆನಪನ್ನು ಸಂಶಯಿಸೋಣವೆಂದು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಪ್ರಯತ್ನಪಟ್ಟೆ. ಆಗಲಿಲ್ಲ, ಯಾಕೆಂದರೆ ಆ ಮಾತಿನ ಧಾಟಿ ಖಂಡಿತವಾಗಿ ನನ್ನದೇ. ಆ ವಯಸ್ಸಿನಲ್ಲಿ ನಾನು ಅದನ್ನು ಹೇಳದೇ ಇದ್ದಿದ್ದರೆ ಆಶ್ಚರ್ಯವಾಗುತ್ತಿತ್ತು. ಆಮೇಲೆ ಇನ್ನೊಂದು ಹೊಳೆಯಿತು. ಮೊದಲರ್ಧ ಮುಗಿದು ಹೆಸರುಗಳು ಬರುವ ಮುಂಚೆ, ಮದುವೆಯ ದೃಶ್ಯದ ಮೇಲೆ ದೊಡ್ಡದಾಗಿ 'ಸಮಾಪ್ತ' ಎಂದು ಬಂದಿತ್ತು. ಕನಸು ಸಮಾಪ್ತವಾಯಿತು ಎಂದು ನಿರ್ದೇಶಕ ಸೂಚಿಸುತ್ತಿದ್ದಾನೆಂದು ನಾನು ನಡುಮನೆಗೆಲ್ಲ ಕೇಳುವಂತೆ ವಿವರಿಸಿದ್ದೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ನೆನಪಿಲ್ಲದಿದ್ದರೆ ಒಳ್ಳೆಯದಿತ್ತು.

ಒಳಗೆ ಬಂದಾಗ ನಾಯಕಿ ನಾಯಕನಿಗೆ ಕೆಂಪು ಸ್ವೆಟರು ತೊಡಿಸುತ್ತಿದ್ದಳು. ತಾಯಿ ಮಗಳು ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದರು. ಎರಡನ್ನೂ ಇಷ್ಟು ಸಂತೋಷದಿಂದ ಒಟ್ಟಿಗೇ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರ ಮುಖದಲ್ಲಿ ಗೃಹಪ್ರವೇಶದ ಸಂಜೆ ಹಾಗೇ ಇತ್ತು: ಕೊನೆಯ ಬಸ್ಸಿಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದ ಕ್ಯಾಸೆಟ್ಟು, ಹೊಳೆಯಿಂದ ಎದ್ದು ಬಂದವನು, ಮುಚ್ಚಳ ತೆಗೆದ ಪಾತ್ರೆ. ನಾನು ನಿಂತುಕೊಂಡೇ ವಿಷಯ ಹೇಳಿದೆ. ನಾಮಕರಣದ ಮನೆ ನಮ್ಮದು, ಕ್ಯಾಸೆಟ್ಟನ್ನು ಹಿಂದುಮುಂದಾಗಿ ಹಾಕಿಸಿದ್ದು ನಾನು, ಎರಡು ಸಲ ಹಾಕಿಸಿದ್ದೂ ನಾನು.

ಅತ್ತೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಂಗಾರೆ ಆ ಮೂದೇವಿ ನೀವೇನಾ ಅಳಿಮಯ್ಯ."

ಮಂಗಳಾಗೆ ನಗು ನೆತ್ತಿಗೇರಿ ಕೆಮ್ಮು ಬಂತು. ಅತ್ತೆ ಅವಳ ಬೆನ್ನು ತಟ್ಟಿದರು. ಆಮೇಲೆ ಗೊತ್ತಿದ್ದರೆ ಹೆಣ್ಣೇ ಕೊಡುತ್ತಿರಲಿಲ್ಲ ಎಂದು ಹೇಳಿ, ನನಗೂ ಒಂದು ಒಬ್ಬಟ್ಟು ಹಾಕಲು ಹೇಳಿದರು. ತುಪ್ಪ ಕಮ್ಮಿ ಹಾಕು, ಮಿಕ್ಕದ್ದಕ್ಕೆ ನಾವು ಕಾದ ಹಾಗೆ ಕಾಯಲಿ ಎಂದರು. ತುಪ್ಪ ಕಮ್ಮಿ ಏನೂ ಇರಲಿಲ್ಲ.

ಆ ಭಾನುವಾರ ಗೆಳೆಯರ ಬಳಗದಲ್ಲಿ ಭಾಷಣ ಮಾಡಿದೆ. ವಿಷಯ ಅದೇ, ಉದಾಹರಣೆಯೂ ಅದೇ, ಗೃಹಿಣಿಯ ಜಾಗದಲ್ಲಿ ಮಾತ್ರ ಒಬ್ಬ ಅಧ್ಯಾಪಕ ಬಂದ. ಹೆಸರು ಹೇಳುವ ಯೋಚನೆ ಇರಲಿಲ್ಲ, ಆದರೆ ಮೊದಲ ಸಾಲಿನಲ್ಲಿ ಕೂತಿದ್ದ ಮಂಗಳಾ ನಗುತ್ತ ನನ್ನ ಕಡೆ ಬೆರಳು ತೋರಿಸಿದ್ದರಿಂದ ಎಲ್ಲರಿಗೂ ಗೊತ್ತಾಯಿತು. ಅಷ್ಟು ಚಪ್ಪಾಳೆ ನನಗೆ ಇದುವರೆಗೆ ಬಿದ್ದಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಸಾ, ನಿಮ್ಮ ಸಿನಿಮಾನೇ ಚೆನ್ನಾಗಿತ್ತು ಸಾ ಎಂದ. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಮನೆಯಲ್ಲಿ ಒಪ್ಪಂದದ ಪ್ರಕಾರ ಎಲ್ಲವೂ ನಡೆಯುತ್ತಿದೆ. ಬೀಗ ಹಾಕಿದ್ದೀರಿ ಎಂದರೆ ಹಾಕಿದ್ದೇನೆ. ಮಾದಪ್ಪನ ಬೆಟ್ಟಕ್ಕೂ ಹೋಗಿಬಂದೆವು. ಕಾಮಗೆರೆ ಬಂದಾಗ ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು, ಅಷ್ಟೆ.

ಇಲ್ಲಿಯವರೆಗೆ ಬರೆದು, ಹಾಳೆಗಳನ್ನು ಊಟದ ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋಗಿದ್ದೆ. ಫ್ಯಾನು ನಿಲ್ಲಿಸಿದ್ದೆನೆಂದು ನನ್ನ ನೆನಪು, ಆದರೆ ಆ ಮಾತಿಗೆ ಈಗ ಬೆಲೆಯಿಲ್ಲ. ಹೊರಗೆ ಬಂದಾಗ ಮಂಗಳಾ ನೆಲದಿಂದ ಹಾಳೆಗಳನ್ನು ಆರಿಸಿಕೊಂಡು, ಕಿಟಕಿಯ ಹತ್ತಿರ ಕೂತು ಓದಿ ಮುಗಿಸುತ್ತಿದ್ದಳು. ಪುಟಗಳಿಗೆ ನಂಬರು ಹಾಕುವ ಅಭ್ಯಾಸ ನನಗಿಲ್ಲ. ಕೈಗೆ ಮೊದಲು ಸಿಕ್ಕಿದ್ದು ಹಿಂದಿನ ಅರ್ಧವಂತೆ. ಅದನ್ನು ಓದಿ, ಆಮೇಲೆ ಮುಂದಿನರ್ಧ ಓದಿದ್ದಳು. ಕೊನೆಗೆ ಓದಿದ ಹಾಳೆಯನ್ನು, ನಾನು ಎದ್ದು ನಿಂತು ಪಂಚೆ ಕೊಡವಿಕೊಳ್ಳುವ ಹಾಳೆಯನ್ನು, ಮಡಿಲಲ್ಲಿಟ್ಟುಕೊಂಡು ಕನ್ನಡಕ ತೆಗೆದಳು.

"ಚೆನ್ನಾಗಿದೆ ಕಣ್ರಿ. ಏನೇ ಆಗಲಿ, ಕೊನೇಲಿ ನೀವೇ ಗೆದ್ದಿರಲ್ಲ."

ತಮಾಷೆಗೆ ಹೇಳಿದಳೋ ನಿಜವಾಗಿಯೋ ಎಂದು ಸಂಶಯ ಬಂತು. ಕೇಳಲಿಲ್ಲ. ಈ ಮನೆಯಲ್ಲಿ ಅವಳ ನೆನಪೇ ನೆನಪು; ನಾನು ಗೆದ್ದೆನೆಂದು ಅವಳಿಗೆ ನೆನಪಿದ್ದರೆ ಇಲ್ಲವೆನ್ನಲು ನಾನು ಯಾರು? ನಿಮಗೆ ಕಳಿಸಿದ ಪ್ರತಿ ಸರಿಯಾದ ಕ್ರಮದಲ್ಲೇ ಇದೆ. ಮನೆಯ ಪ್ರತಿಯನ್ನು ಮಾತ್ರ ಅವಳು ಓದಿದ ಕ್ರಮದಲ್ಲೇ ಪಿನ್ನು ಹೊಡೆದು ಬೀರುವಿನಲ್ಲಿ ಇಟ್ಟಿದ್ದೇನೆ.